ಶಾಲೆಯ ಬೆಳಗಿನ ಪ್ರಾರ್ಥನೆ ಮತ್ತು ಪೋಷಕರ ಸಮ್ಮತಿ

ಕ್ರೈಸ್ತ ಸಂಸ್ಥೆಗಳು ನಡೆಸುವ ಅನೇಕ ಪ್ರಾಥಮಿಕ ಶಾಲೆಗಳಲ್ಲಿ ಪಾಠಕ್ಕೆ ಮೊದಲು ಪ್ರಾರ್ಥನೆ, ಬೈಬಲ್ ವಾಚನ ಹಾಗೂ ಕಿರುಚಿಂತನೆ ನಡೆಯುವುದು ರೂಢಿಯಾಗಿದ್ದು, ಅಲ್ಪಸಂಖ್ಯಾತರು ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸಬಹುದೆನ್ನುವ ಸಂವಿಧಾನದ 30(1)ನೇ ವಿಧಿಯಿಂದ ಈ ರೂಢಿಗೆ ಕಾನೂನಿನ ಆಸರೆ ಇದೆ. ಆದರೆ ಅದು ಸಂಸ್ಥೆಯ ಹಕ್ಕು. ಅಂಗಳದ ಸಾಲಿನಲ್ಲಿ ಕೈಜೋಡಿಸಿ ನಿಂತ ಮಗುವಿನ ಹಕ್ಕು 28(3)ನೇ ವಿಧಿಯಲ್ಲಿದೆ.

ಸರ್ಕಾರದ ಮಾನ್ಯತೆ ಇರುವ ಅಥವಾ ಅನುದಾನ ಪಡೆಯುವ ಯಾವುದೇ ಶಾಲೆಯು, ಮಗು ಅಪ್ರಾಪ್ತವಾಗಿದ್ದಲ್ಲಿ ಪೋಷಕರ ಸಮ್ಮತಿ ಇಲ್ಲದೆ, ಅದನ್ನು ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಒತ್ತಾಯಿಸುವಂತಿಲ್ಲ ಎನ್ನುವ ಈ ವಿಧಿ ಶಾಲೆಗೆ ಹೊಂದಿಕೊಂಡ ಆವರಣವನ್ನೂ ಒಳಗೊಂಡಿರುವುದರಿಂದ, ಮಕ್ಕಳನ್ನು ಸಾಲುಗಟ್ಟಿಸಿ ಶಾಲೆಯ ಆವರಣದಲ್ಲೇ ಇರುವ ಚರ್ಚಿಗೆ ಬಲಿಪೂಜೆಗೆಂದು ಕರೆದೊಯ್ಯುವುದಕ್ಕೂ ಅನ್ವಯಿಸುತ್ತದೆ. ಅನುದಾನರಹಿತ ಶಾಲೆಗೆ ಇದು ತಾಗದೆಂಬ ನಂಬಿಕೆ ತಪ್ಪು, ಮಾನ್ಯತೆಯೊಂದಿದ್ದರೆ ಸಾಕು.

ಇಂಗ್ಲೆಂಡಿನ 1998ರ ಶಾಲಾ ಕಾಯಿದೆಯಲ್ಲಿ ನಿತ್ಯದ ಸಾಮೂಹಿಕ ಆರಾಧನೆ ಕಡ್ಡಾಯವಾಗಿದ್ದು, ಬೇಡವೆನ್ನುವ ಪೋಷಕರೇ ವಿನಾಯಿತಿ ಕೇಳಬೇಕು. ಭಾರತದಲ್ಲಿ ಕ್ರಮ ತಿರುಗುಮುರುಗು: ಇಲ್ಲಿ ಬೇಕಾದುದು ಆಕ್ಷೇಪಣೆಯಲ್ಲ, ಸಮ್ಮತಿ. ಅದು ಯಾವ ರೂಪದಲ್ಲಿರಬೇಕೆಂದು ಸಂವಿಧಾನ ವಿವರಿಸಿಲ್ಲವಾದರೂ, ಪ್ರವೇಶ ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ‘ಎಲ್ಲ ಚಟುವಟಿಕೆಗಳಿಗೂ ಒಪ್ಪಿಗೆಯಿದೆ’ ಎಂಬ ಸಾಲಿನ ಕೆಳಗೆ ತಾಯಿ ಅವಸರದಲ್ಲಿ ಹಾಕಿದ ಸಹಿಯನ್ನು ತಿಳಿದು ಕೊಟ್ಟ ಸಮ್ಮತಿಯೆಂದು ಕರೆಯುವುದು ಕಷ್ಟ.

ಎಲ್ಲ ಧರ್ಮಪಾಠವೂ ‘ಧಾರ್ಮಿಕ ಬೋಧನೆ’ಯಲ್ಲ. ಒಂದು ಮತದ ನಂಬಿಕೆ, ಆಚರಣೆಗಳನ್ನು ರೂಢಿಸುವುದು ಬೋಧನೆ. ಧರ್ಮಗಳ ಬಗ್ಗೆ ತಿಳಿವಳಿಕೆ ನೀಡುವುದು ಅಧ್ಯಯನ. ಈ ಅಧ್ಯಯನಕ್ಕೆ 28ನೇ ವಿಧಿಯ ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟ್ 2002ರ ಅರುಣಾ ರಾಯ್ ಪ್ರಕರಣದಲ್ಲಿ ಹೇಳಿದೆ. ಮೌಲ್ಯ ಶಿಕ್ಷಣದ ತರಗತಿಯಲ್ಲಿ ಯೇಸುವಿನ ಸಾಮತಿ, ಅಂದರೆ ನೀತಿಯ ಕಿರುಕಥೆ, ಕೇಳಿಬಂದ ಮಾತ್ರಕ್ಕೆ ತಕರಾರು ನಿಲ್ಲದು.

ಪ್ರಾರ್ಥನೆಯಿಂದ ದೂರ ಉಳಿಯುವ ಮಗುವನ್ನು ಅಶಿಸ್ತಿನ ಹೆಸರಿನಲ್ಲಿ ದಂಡಿಸಬಹುದೇ? ಕೇರಳದ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ (1986) ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಯ ಹೊತ್ತಿಗೆ ಗೌರವದಿಂದ ಎದ್ದು ನಿಂತು, ಹಾಡದೆ ಉಳಿದಿದ್ದರು. ಅವರನ್ನು ಶಾಲೆಯಿಂದ ಹೊರಹಾಕಿದ್ದು ಸುಪ್ರೀಂ ಕೋರ್ಟಿನಲ್ಲಿ ರದ್ದಾಯಿತು. ಅಲ್ಲಿನ ಪ್ರಶ್ನೆ ಬೇರೆಯಾದರೂ ಅಂತಃಸಾಕ್ಷಿಯ ತತ್ವ ಇಲ್ಲಿಗೂ ಹೊಂದುತ್ತದೆ.

ಒಪ್ಪದ ಪೋಷಕರು ಮಗುವಿನ ತರಗತಿ, 28(3)ನೇ ವಿಧಿ ಹಾಗೂ ಪ್ರಾರ್ಥನೆಯ ವೇಳೆಯಲ್ಲಿ ಮಗು ಎಲ್ಲಿರಬೇಕೆಂಬ ಕೋರಿಕೆಯನ್ನು ನಮೂದಿಸಿ ಮುಖ್ಯೋಪಾಧ್ಯಾಯರಿಗೆ ಪತ್ರ ಕೊಟ್ಟು, ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಪಡೆಯಬೇಕು. ಬಗೆಹರಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಬಳಿಕ ಜಿಲ್ಲಾ ಉಪನಿರ್ದೇಶಕರಿಗೆ ಅಥವಾ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಸಲ್ಲಿಸಬಹುದು. 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಕೊನೆಯ ದಾರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಸಹಾಯವಾಣಿಯ ಸಂಖ್ಯೆ 15100.