ಸೊಂಟನೋವಿಗೆ ಮಂಡಿಯ ಹಿಂದಿನ ಬಿಂದು: ಒತ್ತುವ ಮೊದಲು ಇದನ್ನು ಓದಿ



"ಡಾಕ್ಟ್ರೇ, ಮಂಡಿ ಹಿಂದೆ ಒತ್ತಿದ್ರೆ ಸೊಂಟನೋವು ಹೋಗುತ್ತಂತೆ, ನಿಜಾನಾ?" ಹೃದಯ ತೋರಿಸಿಕೊಳ್ಳಲು ಬಂದವರು ಎದ್ದು ಹೋಗುವಾಗ ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು. ಸೊಂಟ ನನ್ನ ವಿಭಾಗವಲ್ಲ. ಆದರೆ ಆ ಬಿಂದುವಿನ ಅಡಿಯಲ್ಲಿರುವ ರಕ್ತನಾಳಗಳು ನನ್ನ ವಿಭಾಗವೇ. ಅದಕ್ಕೇ ಈ ಬರಹ.

*ಬಿಂದು ಎಲ್ಲಿದೆ?*
ಮಂಡಿ ಮಡಚಿದಾಗ ಹಿಂದೆ ಅಡ್ಡಗೆರೆ ಮೂಡುತ್ತದಲ್ಲ, ಅದರ ನಟ್ಟನಡುವೆ. ಚೀನೀ ವೈದ್ಯದಲ್ಲಿ ಇದರ ಹೆಸರು ವೇಯ್‌ಜೋಂಗ್. ಮೂತ್ರಕೋಶದ ನಾಡಿಮಾರ್ಗದ 67 ಬಿಂದುಗಳಲ್ಲಿ ಇದು 40ನೆಯದು. ಆ ಮಾರ್ಗ ಕಣ್ಣಿನ ಒಳಮೂಲೆಯಿಂದ ಹೊರಟು, ತಲೆ, ಬೆನ್ನು, ತೊಡೆಯ ಹಿಂಭಾಗ ದಾಟಿ ಕಾಲಿನ ಕಿರುಬೆರಳಿಗೆ ಮುಟ್ಟುತ್ತದೆ ಎಂದು ಅವರ ಲೆಕ್ಕ. ಬೆನ್ನು, ಸೊಂಟದ ತೊಂದರೆಗೆ ಮೊದಲು ನೋಡಬೇಕಾದ ಬಿಂದು ಇದೇ ಎಂಬುದು ಅಲ್ಲಿನ ಹಳೆಯ ಪಾಠ.

*ಕೆಲಸ ಮಾಡುತ್ತದೆಯೇ?*
ಜರ್ಮನಿಯಲ್ಲಿ 1162 ದೀರ್ಘಕಾಲದ ಸೊಂಟನೋವಿನ ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಸುಧಾರಿಸಿದವರು: ಸರಿಯಾದ ಬಿಂದುಗಳಿಗೆ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇ. 47.6, ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2, ಮಾತ್ರೆ, ವ್ಯಾಯಾಮದಂಥ ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 27.4. ಅಂದರೆ ಸೂಜಿಯಿಂದ ಹಲವರಿಗೆ ಆರಾಮವಾಯಿತು, ಆದರೆ ಜಾಗ ಕರಾರುವಾಕ್ಕಾಗಿ ಅದೇ ಆಗಬೇಕೆಂದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಅಕ್ಯುಪಂಕ್ಚರನ್ನೂ ಒಂದು ಆಯ್ಕೆಯಾಗಿ ಸೇರಿಸಿದೆ, ವ್ಯಾಯಾಮ ಮತ್ತು ತಿಳಿವಳಿಕೆಯ ಜೊತೆಗೆ. ಬ್ರಿಟನ್ನಿನ 2016ರ ಮಾರ್ಗಸೂಚಿ ಬೇಡ ಎಂದಿದೆ. ಪವಾಡವೂ ಅಲ್ಲ, ಬೊಗಳೆಯೂ ಅಲ್ಲ.

*ಒತ್ತುವುದು ಹೇಗೆ?*
ಕುರ್ಚಿಯಲ್ಲಿ ಕೂತು ಪಾದ ನೆಲಕ್ಕೆ ಊರಿ. ಬೆರಳಿನಿಂದ ಹಿತವಾಗಿ ಅರ್ಧ ನಿಮಿಷ ಒತ್ತಿ ಬಿಡಿ. ಎರಡು ಮೂರು ಸಲ ಸಾಕು. ಮಂಡಿಯ ಹಿಂದೆ ಕಾಲಿನ ಮುಖ್ಯ ಅಪಧಮನಿ, ಅಭಿಧಮನಿ ಮತ್ತು ದೊಡ್ಡ ನರ ಒಟ್ಟಿಗೇ ಹಾದುಹೋಗುತ್ತವೆ. ಬೆರಳಿಗೆ ನಾಡಿ ಬಡಿತ ಸಿಕ್ಕಿದರೆ, ಪಾದ ಜುಮ್ಮೆಂದರೆ, ತಕ್ಷಣ ಕೈ ತೆಗೆಯಿರಿ. ಸೂಜಿಯ ಪ್ರಯೋಗ ಮನೆಯಲ್ಲಿ ಬೇಡವೇ ಬೇಡ.

*ಯಾರು ಒತ್ತಬಾರದು?*
ನನ್ನ ಬಳಿ ಬಂದ ಒಬ್ಬ ತಾಯಿಯ ಕಥೆ ಹೇಳುತ್ತೇನೆ. ಊರಿನ ಜಾತ್ರೆ ಮುಗಿಸಿ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ವಾಪಸಾಗಿದ್ದರು. ಸೊಂಟ ಹಿಡಿದಿತ್ತು, ಎಡಗಾಲು ಜಗ್ಗುತ್ತಿತ್ತು. ಮೊಬೈಲಿನಲ್ಲಿ ನೋಡಿದ ಪ್ರಕಾರ ಯಜಮಾನರು ನಾಲ್ಕು ದಿನ ಮಂಡಿಯ ಹಿಂದೆ ಒತ್ತಿ, ಎಣ್ಣೆ ಹಚ್ಚಿ ನೀವಿದರು. ಐದನೇ ದಿನ ಉಸಿರು ಕಟ್ಟಿತು. ಡಾಪ್ಲರ್ ಸ್ಕ್ಯಾನಿನಲ್ಲಿ ನೋಡಿದರೆ ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದರ ಚೂರು ಶ್ವಾಸಕೋಶ ಸೇರಿತ್ತು. ಉಳಿದುಕೊಂಡರು. ನೀವಿದ್ದರಿಂದಲೇ ಹೆಪ್ಪು ಕದಲಿತೆಂದು ಹೇಳಲಾರೆ. ಆದರೆ ಆ ನಾಲ್ಕು ದಿನ ವ್ಯರ್ಥವಾದದ್ದು ನಿಜ. ಯಜಮಾನರು ಮಾಡಿದ್ದು ಪ್ರೀತಿಯಿಂದಲೇ. ಎರಡೂ ಕಾಲನ್ನು ಒಮ್ಮೆ ಹೋಲಿಸಿ ನೋಡಿದ್ದರೆ ಸಾಕಿತ್ತು.

ಆದ್ದರಿಂದ ಇವರು ಒತ್ತಬೇಡಿ:
✅ ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿರುವವರು
✅ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು (ಸೂಜಿ ಚಿಕಿತ್ಸೆಗೂ ಮೊದಲು ನಿಮ್ಮ ವೈದ್ಯರನ್ನು ಕೇಳಿ, ಮಾತ್ರೆ ನೀವೇ ನಿಲ್ಲಿಸಬೇಡಿ)
✅ ಮಂಡಿಯ ಹಿಂದೆ ಗಂಟು ಅಥವಾ ಉಬ್ಬಿದ ನರ ಇರುವವರು
ಪೇಸ್‌ಮೇಕರ್ ಇರುವವರು ಸೂಜಿಗೆ ಕರೆಂಟ್ ಕೊಡುವ ಚಿಕಿತ್ಸೆಗೆ ಒಪ್ಪುವ ಮುನ್ನ ಹೃದಯತಜ್ಞರನ್ನು ಕೇಳಿ.

*ಇದು ಸೊಂಟನೋವು ಅಲ್ಲದಿರಬಹುದು!*
🔴 ಅರವತ್ತು ದಾಟಿದವರು, ಅದರಲ್ಲೂ ಬೀಡಿ, ಸಿಗರೇಟಿನ ಅಭ್ಯಾಸವಿದ್ದವರಿಗೆ ಇದ್ದಕ್ಕಿದ್ದಂತೆ ಸೊಂಟ ಅಥವಾ ಹೊಟ್ಟೆ ಸೀಳಿದಂಥ ನೋವು, ಬೆವರು, ತಲೆಸುತ್ತು: ಹೊಟ್ಟೆಯ ಮಹಾಪಧಮನಿ ಉಬ್ಬಿ ಒಡೆಯುತ್ತಿರಬಹುದು.
🔴 ಬೆನ್ನುನೋವಿನ ಜೊತೆ ಎದೆ ಬಿಗಿತ, ಏದುಸಿರು: ಹೃದಯಾಘಾತವಿರಬಹುದು.
🔴 ಮೂತ್ರ ಕಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು, ಕೂರುವ ಜಾಗ ಮರಗಟ್ಟುವುದು, ಕಾಲು ಸೋಲುವುದು: ನರಗಳು ಒತ್ತಿಹೋಗಿವೆ.
ಇವುಗಳಲ್ಲಿ ಯಾವುದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ.
🟠 ನಡೆದರೆ ಮೀನಖಂಡ ಹಿಡಿದು, ನಿಂತರೆ ಬಿಡುತ್ತಿದ್ದರೆ ಕಾಲಿನ ರಕ್ತನಾಳ ಕಿರಿದಾಗಿರಬಹುದು. ಈ ವಾರವೇ ತೋರಿಸಿ.

ಉಳಿದ ಬಹುತೇಕ ಸೊಂಟನೋವು ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹಾಸಿಗೆ ಹಿಡಿಯಬೇಡಿ, ಆದಷ್ಟು ಓಡಾಡಿ. ಗಂಟೆಗಟ್ಟಲೆ ಲ್ಯಾಪ್‌ಟಾಪ್ ಮುಂದೆ ಕೂರುವವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಜೊತೆಗೆ ಬಿಂದುವನ್ನೂ ಒತ್ತಿಕೊಳ್ಳಿ, ಆರಾಮವೆನಿಸಿದರೆ ಒಳ್ಳೆಯದೇ.

ಒತ್ತುವ ಮೊದಲು ಒಂದೇ ಒಂದು ಕೆಲಸ: ಎರಡೂ ಕಾಲನ್ನು ಪಕ್ಕಪಕ್ಕ ಇಟ್ಟು ನೋಡಿ.

ಮನೆಯ ಹಿರಿಯರಿಗೆ ಇದನ್ನು ಓದಿ ಹೇಳಿ. 🙏