ಒಮ್ಮತದಿಂದ ಬಂದ ವೇಗ

1904ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಭೀಕರವಾದ ಬೆಂಕಿ ಹೊತ್ತಿಕೊಂಡಿತು. ವಾಷಿಂಗ್ಟನ್, ಫಿಲಡೆಲ್ಫಿಯ ಮೊದಲಾದ ನಗರಗಳಿಂದ ಅಗ್ನಿಶಾಮಕ ದಳಗಳು ನೆರವಿಗೆ ಧಾವಿಸಿ ಬಂದವು. ಆದರೆ ಅವು ತಂದಿದ್ದ ಕೊಳವೆಗಳಲ್ಲಿ ಅನೇಕವು ಬಾಲ್ಟಿಮೋರಿನ ನೀರಿನ ನಲ್ಲಿಗಳಿಗೆ ಹೊಂದಿಕೊಳ್ಳಲಿಲ್ಲ. ಒಂದೊಂದು ನಗರವೂ ತನಗೆ ತೋಚಿದ ಅಳತೆಯಲ್ಲಿ ಕೊಳವೆಯ ತಿರುಪನ್ನು ಮಾಡಿಸಿಕೊಂಡಿದ್ದುದೇ ಇದಕ್ಕೆ ಕಾರಣವಾಗಿತ್ತು. ನೀರಿತ್ತು, ಯಂತ್ರಗಳಿದ್ದವು, ಪ್ರಾಣದ ಹಂಗು ತೊರೆದು ದುಡಿಯುವ ಜನರೂ ಇದ್ದರು. ಇಲ್ಲದೆ ಹೋದುದು ಎಲ್ಲರಿಗೂ ಒಪ್ಪಿಗೆಯಾದ ಒಂದು ಅಳತೆ ಮಾತ್ರ. ನಗರದ ನಡುಭಾಗದಲ್ಲಿದ್ದ 1500ಕ್ಕೂ ಹೆಚ್ಚು ಕಟ್ಟಡಗಳು ಬೆಂಕಿಗೆ ಆಹುತಿಯಾದವು.

ಬೇರೆ ಬೇರೆ ಕಡೆಗಳಲ್ಲಿ, ಬೇರೆ ಬೇರೆ ಜನರು ತಯಾರಿಸಿದ ವಸ್ತುಗಳು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡಬೇಕಾದರೆ ಅವುಗಳ ಅಳತೆ, ಆಕಾರ ಮತ್ತು ನಡವಳಿಕೆಗಳನ್ನು ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಹೀಗೆ ಗೊತ್ತುಪಡಿಸಿಕೊಂಡ ನಿಯಮಗಳಿಗೆ ಮಾನಕ ಎಂದು ಹೆಸರು. ಗಣಕಯಂತ್ರಗಳು ಒಂದರೊಡನೊಂದು ಮಾತನಾಡುವುದಕ್ಕೂ ಇಂತಹ ಮಾನಕವು ಬೇಕು. ಯಾವ ತಂತಿಯನ್ನು ಬಳಸಬೇಕು, ಸಂದೇಶದ ಆರಂಭವನ್ನು ಹೇಗೆ ಗುರುತಿಸಬೇಕು, ಇಬ್ಬರು ಒಮ್ಮೆಲೇ ಮಾತನಾಡಿದರೆ ಏನು ಮಾಡಬೇಕು ಎಂಬುದನ್ನೆಲ್ಲ ಅದು ತಿಳಿಸುತ್ತದೆ. ಇಂದು ಜಗತ್ತಿನ ಕಚೇರಿ, ಕಾರ್ಖಾನೆ ಮತ್ತು ವಿದ್ಯಾಲಯಗಳಲ್ಲಿ ಬಳಕೆಯಲ್ಲಿರುವ ಈಥರ್ನೆಟ್ ಎಂಬ ಮಾನಕವು ಹೇಗೆ ಹುಟ್ಟಿತು, ಅದರ ವೇಗವು ಹೇಗೆ ಹೆಚ್ಚಿತು ಎಂಬ ಸಂಗತಿಯು ತಿಳಿಯತಕ್ಕದ್ದಾಗಿದೆ.

ಇದರ ಮೂಲವು ಹವಾಯಿ ದ್ವೀಪಗಳಲ್ಲಿದೆ. ಅಲ್ಲಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು 1971ರಲ್ಲಿ ದ್ವೀಪ ದ್ವೀಪಗಳ ನಡುವೆ ರೇಡಿಯೊ ಅಲೆಗಳ ಮೂಲಕ ಗಣಕ ಸಂದೇಶಗಳನ್ನು ಕಳುಹಿಸುವ ಏರ್ಪಾಡನ್ನು ಮಾಡಿದರು. ಈ ಏರ್ಪಾಡನ್ನು ಅಭ್ಯಾಸ ಮಾಡಿದ ರಾಬರ್ಟ್ ಮೆಟ್‌ಕಾಫ್ ಎಂಬ ತರುಣ ವಿಜ್ಞಾನಿಯು ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ 1973ರ ಮೇ 22ರಂದು ಒಂದು ಟಿಪ್ಪಣಿಯನ್ನು ಬರೆದನು. ಒಂದೇ ತಂತಿಗೆ ಅನೇಕ ಗಣಕಗಳನ್ನು ಜೋಡಿಸುವ ಬಗೆಯನ್ನು ಅದು ವಿವರಿಸುತ್ತಿತ್ತು. ಡೇವಿಡ್ ಬಾಗ್ಸ್ ಎಂಬ ಸಹೋದ್ಯೋಗಿಯ ನೆರವಿನಿಂದ ಅವನು ನಿರ್ಮಿಸಿದ ಜಾಲದಲ್ಲಿ ಸೆಕೆಂಡಿಗೆ ಸುಮಾರು 29 ಲಕ್ಷ ಬಿಟ್‌ಗಳು ಸಾಗುತ್ತಿದ್ದವು. ಸೊನ್ನೆ ಅಥವಾ ಒಂದು ಎಂಬ ಒಂದೇ ಒಂದು ಸಂಕೇತಕ್ಕೆ ಬಿಟ್ ಎಂದು ಹೆಸರು.

ಈ ಜಾಲದ ನಡವಳಿಕೆಯು ಸಭ್ಯರು ಕುಳಿತು ಮಾತನಾಡುವ ರೀತಿಯನ್ನು ಹೋಲುತ್ತದೆ. ಮಾತನಾಡಬೇಕೆನ್ನುವವನು ಮೊದಲು ಕಿವಿಗೊಟ್ಟು ಕೇಳುತ್ತಾನೆ. ಯಾರೂ ಮಾತನಾಡದಿದ್ದರೆ ತಾನು ಆರಂಭಿಸುತ್ತಾನೆ. ಇಬ್ಬರು ಒಟ್ಟಿಗೆ ಆರಂಭಿಸಿದರೆ ಇಬ್ಬರೂ ತಡೆದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಪ್ರಯತ್ನಿಸುತ್ತಾರೆ. ಗಣಕಗಳೂ ಹೀಗೆಯೇ ತಂತಿಯನ್ನು ಆಲಿಸಿ ಸಂದೇಶವನ್ನು ಕಳುಹಿಸುತ್ತವೆ. ಎರಡು ಸಂದೇಶಗಳು ಡಿಕ್ಕಿ ಹೊಡೆದರೆ ಪ್ರತಿಯೊಂದು ಗಣಕವೂ ಬೇರೆ ಬೇರೆ ಕಾಲ ಕಾದು ಮತ್ತೊಮ್ಮೆ ಕಳುಹಿಸುತ್ತದೆ.

ಒಂದು ಸಂಸ್ಥೆಯೊಳಗೆ ನಡೆಯುವ ಪದ್ಧತಿಯು ಲೋಕಕ್ಕೆಲ್ಲ ಮಾನಕವಾಗಲಾರದು. 1980ರಲ್ಲಿ ಡಿಜಿಟಲ್, ಇಂಟೆಲ್ ಮತ್ತು ಜೆರಾಕ್ಸ್ ಎಂಬ ಮೂರು ಸಂಸ್ಥೆಗಳು ಸೇರಿ, ಸೆಕೆಂಡಿಗೆ ಒಂದು ಕೋಟಿ ಬಿಟ್‌ಗಳನ್ನು ಸಾಗಿಸುವ ಈಥರ್ನೆಟ್ಟಿನ ನಿಯಮಗಳನ್ನು ಪ್ರಕಟಿಸಿದವು. ಅದೇ ವರ್ಷ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಸಂಸ್ಥೆಯಾದ ಐ.ಇ.ಇ.ಇ.ಯು 802 ಎಂಬ ಸಂಖ್ಯೆಯ ಸಮಿತಿಯನ್ನು ನೇಮಿಸಿತು. ಎಲ್ಲರಿಗೂ ಒಂದೇ ಮಾನಕವನ್ನು ರೂಪಿಸಬೇಕೆಂಬುದು ಸಮಿತಿಯ ಉದ್ದೇಶವಾಗಿತ್ತು. ಆದರೆ ಐ.ಬಿ.ಎಂ. ಸಂಸ್ಥೆಯು ಗಣಕಗಳು ಸರದಿಯಂತೆ ಮಾತನಾಡುವ ಉಂಗುರದಾಕಾರದ ಜಾಲವನ್ನು ಎತ್ತಿಹಿಡಿಯಿತು. ಕಾರ್ಖಾನೆಗಳವರು ಇನ್ನೊಂದು ಬಗೆಯನ್ನು ಬಯಸಿದರು. ಕೊನೆಗೆ ಒಂದರ ಬದಲು ಮೂರು ಮಾನಕಗಳು ಹುಟ್ಟಿದವು. ಅವುಗಳಲ್ಲಿ ಈಥರ್ನೆಟ್ಟಿಗೆ ದೊರೆತ ಸಂಖ್ಯೆಯು 802.3. ಸಮಿತಿಯು ಅದನ್ನು 1983ರಲ್ಲಿ ಅಂಗೀಕರಿಸಿತು.

ಈ ಸಮಿತಿಯು ಕೆಲಸ ಮಾಡುವ ಕ್ರಮವು ಗಮನಾರ್ಹವಾಗಿದೆ. ಇಲ್ಲಿ ಮತ ನೀಡುವುದು ಸಂಸ್ಥೆಗಳಲ್ಲ, ವ್ಯಕ್ತಿಗಳು. ಸಭೆಗಳಿಗೆ ತಪ್ಪದೆ ಬಂದವರಿಗೆ ಮಾತ್ರ ಮತದ ಹಕ್ಕು ದೊರೆಯುತ್ತದೆ. ತಾಂತ್ರಿಕ ವಿಷಯವೊಂದು ಅಂಗೀಕಾರವಾಗಬೇಕಾದರೆ ನೂರಕ್ಕೆ 75 ಮತಗಳಾದರೂ ಬೇಕು. ವಿರೋಧಿಸಿದವನು ಸುಮ್ಮನೆ ಬೇಡವೆಂದರೆ ಸಾಲದು. ಯಾವ ತಿದ್ದುಪಡಿಯನ್ನು ಮಾಡಿದರೆ ತಾನು ಒಪ್ಪುವೆನೆಂಬುದನ್ನು ಬರೆದು ಕೊಡಬೇಕು. ಬಂದ ಪ್ರತಿಯೊಂದು ಆಕ್ಷೇಪಕ್ಕೂ ಸಮಿತಿಯು ಉತ್ತರ ಕೊಡಬೇಕು. ಆದುದರಿಂದ ಕರಡು ಪ್ರತಿಯು ಮತ್ತೆ ಮತ್ತೆ ತಿದ್ದಲ್ಪಡುತ್ತದೆ. ಇದು ನಿಧಾನವಾದ ದಾರಿ. ಆದರೂ ಮಾರುಕಟ್ಟೆಯಲ್ಲಿ ಪರಸ್ಪರ ಸ್ಪರ್ಧಿಸುವವರು ಒಂದೇ ಮೇಜಿನ ಸುತ್ತ ಕುಳಿತು ನಡೆಯಬಲ್ಲ ದಾರಿಯೂ ಇದೇ ಆಗಿದೆ.

ಹತ್ತು ವರ್ಷಗಳು ಕಳೆಯುವಷ್ಟರಲ್ಲಿ ಸೆಕೆಂಡಿಗೆ ಒಂದು ಕೋಟಿ ಬಿಟ್‌ಗಳ ವೇಗವು ಸಾಲದಾಯಿತು. ಗಣಕಗಳ ಸಂಖ್ಯೆ ಹೆಚ್ಚಿತು. ಅಕ್ಷರಗಳಷ್ಟೇ ಅಲ್ಲದೆ ಚಿತ್ರಗಳೂ ಜಾಲದಲ್ಲಿ ಓಡಾಡತೊಡಗಿದವು. ವೇಗವನ್ನು ಹತ್ತರಷ್ಟು ಹೆಚ್ಚಿಸಬೇಕೆಂಬ ಮಾತು 1992ರಲ್ಲಿ ಸಮಿತಿಯ ಮುಂದೆ ಬಂದಿತು. ವೇಗವು ಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅದನ್ನು ಯಾವ ಬಗೆಯಲ್ಲಿ ಪಡೆಯಬೇಕೆಂಬುದರಲ್ಲಿ ತೀವ್ರವಾದ ವಿವಾದವುಂಟಾಯಿತು.

ಒಂದು ಪಕ್ಷದವರು ಹೊಸ ಪದ್ಧತಿಯನ್ನೇ ತರಬೇಕೆಂದರು. ಹ್ಯೂಲೆಟ್ ಪ್ಯಾಕರ್ಡ್ ಮತ್ತು ಎ.ಟಿ. ಅಂಡ್ ಟಿ. ಸಂಸ್ಥೆಗಳವರು ಮುಂದಿಟ್ಟ ಈ ಪದ್ಧತಿಯು ತರಗತಿಯನ್ನು ಹೋಲುತ್ತಿತ್ತು. ಮಾತನಾಡಬಯಸುವ ವಿದ್ಯಾರ್ಥಿಯು ಕೈಯೆತ್ತುತ್ತಾನೆ. ಅಧ್ಯಾಪಕರು ಒಬ್ಬೊಬ್ಬರಿಗೂ ಅವಕಾಶವನ್ನು ಕೊಡುತ್ತಾರೆ. ಹಾಗೆಯೇ ಗಣಕಗಳು ನಡುವೆ ಇರುವ ಒಂದು ಕೇಂದ್ರ ಸಾಧನದಿಂದ ಅನುಮತಿಯನ್ನು ಪಡೆದು ಸಂದೇಶವನ್ನು ಕಳುಹಿಸುತ್ತವೆ. ಇದರಲ್ಲಿ ಡಿಕ್ಕಿಯ ಭಯವಿಲ್ಲ. ಧ್ವನಿ ಮತ್ತು ಚಲಿಸುವ ಚಿತ್ರಗಳಂತಹ, ತಡವಾಗಬಾರದ ಸಂದೇಶಗಳಿಗೆ ಮೊದಲ ಸ್ಥಾನವನ್ನೂ ಕೊಡಬಹುದು. ಕಟ್ಟಡಗಳಲ್ಲಿ ಮೊದಲೇ ಎಳೆದಿರುವ ಸಾಧಾರಣ ದೂರವಾಣಿ ತಂತಿಯೇ ಇದಕ್ಕೆ ಸಾಕಾಗುತ್ತಿತ್ತು. ಇದು ವಿಚಾರಪೂರ್ಣವಾದ ಸಲಹೆಯೇ ಆಗಿತ್ತು.

ಇನ್ನೊಂದು ಪಕ್ಷದವರ ವಾದವೇ ಬೇರೆ. ಜನರು ಈಥರ್ನೆಟ್ಟಿಗಾಗಿ ಹಣವನ್ನು ಹೂಡಿದ್ದಾರೆ, ಅದನ್ನು ನಡೆಸಲು ಕಲಿತಿದ್ದಾರೆ, ಅದಕ್ಕೆಂದೇ ಕಾರ್ಯಕ್ರಮಗಳನ್ನು ಬರೆದಿದ್ದಾರೆ. ಆದುದರಿಂದ ಸಂದೇಶದ ರೂಪವನ್ನೂ ಮಾತನಾಡುವ ನಿಯಮವನ್ನೂ ಹಾಗೆಯೇ ಉಳಿಸಿಕೊಂಡು ವೇಗವನ್ನಷ್ಟೇ ಹೆಚ್ಚಿಸಬೇಕೆಂದು ಅವರು ಹೇಳಿದರು. ಆದರೆ ಹಳೆಯ ನಿಯಮವನ್ನು ಉಳಿಸಿಕೊಳ್ಳುವುದೆಂದರೆ ಅದರ ಕಟ್ಟುಪಾಡುಗಳನ್ನೂ ಒಪ್ಪಿಕೊಳ್ಳುವುದೆಂದೇ ಅರ್ಥ. ಡಿಕ್ಕಿಯಾದುದು ಕಳುಹಿಸುವ ಗಣಕಕ್ಕೆ ತಿಳಿಯಬೇಕಾದರೆ, ಅದರ ಸುದ್ದಿಯು ಮರಳಿ ಬರುವವರೆಗೂ ಅದು ಸಂದೇಶವನ್ನು ಕಳುಹಿಸುತ್ತಲೇ ಇರಬೇಕು. ಈಥರ್ನೆಟ್ಟಿನ ಅತಿ ಚಿಕ್ಕ ಸಂದೇಶದ ಗಾತ್ರವು 512 ಬಿಟ್‌ಗಳು. ಹಳೆಯ ವೇಗದಲ್ಲಿ ಇದನ್ನು ಕಳುಹಿಸಲು 51.2 ಮೈಕ್ರೊಸೆಕೆಂಡುಗಳು ಹಿಡಿಯುತ್ತಿದ್ದವು. ಅಂದರೆ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 51 ಭಾಗ. ಅಷ್ಟರಲ್ಲಿ ವಿದ್ಯುತ್ ಸಂಕೇತವು ತಂತಿಯಲ್ಲಿ ಸುಮಾರು 10 ಕಿಲೋಮೀಟರು ಚಲಿಸುತ್ತದೆ. ಹೋಗಿ ಬರುವ ದೂರವನ್ನೂ ನಡುವಣ ಸಾಧನಗಳಲ್ಲಿ ಆಗುವ ತಡವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಜಾಲದ ಮಿತಿಯನ್ನು 2.5 ಕಿಲೋಮೀಟರು ಎಂದು ಇಟ್ಟಿದ್ದರು.

ವೇಗವು ಹತ್ತರಷ್ಟಾದರೆ ಅದೇ ಸಂದೇಶವು 5.12 ಮೈಕ್ರೊಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಆದರೆ ಸಂಕೇತವು ತಂತಿಯಲ್ಲಿ ಸಾಗುವ ವೇಗವು ನಿಸರ್ಗದ ನಿಯಮಕ್ಕೆ ಒಳಪಟ್ಟಿದೆ. ಸಮಿತಿಯ ಮತದಿಂದ ಅದು ಬದಲಾಗದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬಂತೆ ಜಾಲದ ವಿಸ್ತಾರವನ್ನು ಸುಮಾರು 200 ಮೀಟರುಗಳಿಗೆ ಇಳಿಸಬೇಕಾಯಿತು. ಈ ನಷ್ಟವನ್ನು ಸಮಿತಿಯು ತಿಳಿದೇ ಒಪ್ಪಿಕೊಂಡಿತು. ಪ್ರತಿಯೊಂದು ಗಣಕದಿಂದಲೂ ಕೇಂದ್ರ ಸಾಧನಕ್ಕೆ ತಂತಿಯನ್ನು ಎಳೆಯುವ ಪದ್ಧತಿಯು ಆ ವೇಳೆಗೆ ರೂಢಿಗೆ ಬಂದಿದ್ದುದರಿಂದ, ಅಷ್ಟು ದೂರವು ಬಹಳಷ್ಟು ಕಟ್ಟಡಗಳಿಗೆ ಸಾಕಾಗುತ್ತಿತ್ತು.

ಎರಡು ಪಕ್ಷಗಳನ್ನೂ ಒಂದುಗೂಡಿಸಲು ಸಾಧ್ಯವಾಗಲಿಲ್ಲ. 1993ರಲ್ಲಿ ಹೊಸ ಪದ್ಧತಿಗೆ 802.12 ಎಂಬ ಬೇರೆ ಸಮಿತಿಯೇ ಏರ್ಪಟ್ಟಿತು. ಹಳೆಯ ಸಮಿತಿಯು ವೇಗದ ಈಥರ್ನೆಟ್ಟಿನ ಕೆಲಸವನ್ನು ಮುಂದುವರಿಸಿತು. ಎಲ್ಲವನ್ನೂ ಹೊಸದಾಗಿ ಕಂಡುಹಿಡಿಯಬೇಕೆಂಬ ಹಟವನ್ನು ಅದು ಇಟ್ಟುಕೊಳ್ಳಲಿಲ್ಲ. ಬೇರೊಂದು ಮಾನಕದಲ್ಲಿ ಬಳಕೆಗೆ ಬಂದಿದ್ದ ಸಂಕೇತ ವಿಧಾನವನ್ನೇ ತೆಗೆದುಕೊಂಡಿತು. ಸಾಧಾರಣ ದೂರವಾಣಿ ತಂತಿಯನ್ನು ಉಳ್ಳವರಿಗಾಗಿಯೂ ಒಂದು ಬಗೆಯನ್ನು ಸೇರಿಸಿ, ಎದುರು ಪಕ್ಷದವರ ಕಾಳಜಿಗೆ ಉತ್ತರವನ್ನು ಕೊಟ್ಟಿತು. ಇದಲ್ಲದೆ ಮತ್ತೊಂದು ಜಾಣ್ಮೆಯ ನಿಯಮವನ್ನು ಅಳವಡಿಸಿತು. ಎರಡು ಸಾಧನಗಳನ್ನು ಜೋಡಿಸಿದ ಕೂಡಲೇ ಅವು ತಮ್ಮ ತಮ್ಮ ಶಕ್ತಿಯನ್ನು ಒಂದಕ್ಕೊಂದು ತಿಳಿಸಿ, ಇಬ್ಬರಿಗೂ ಸಾಧ್ಯವಿರುವ ಅತಿ ಹೆಚ್ಚಿನ ವೇಗವನ್ನು ತಾವೇ ಆರಿಸಿಕೊಳ್ಳುತ್ತವೆ. ಹಳೆಯ ಗಣಕವು ಎದುರಿಗಿದ್ದರೆ ಹೊಸದು ತನ್ನ ವೇಗವನ್ನು ತಗ್ಗಿಸಿಕೊಂಡು ಅದರೊಡನೆ ಮಾತನಾಡುತ್ತದೆ. ಒಮ್ಮೆಲೇ ಎಲ್ಲವನ್ನೂ ಬದಲಿಸಲು ಹಣವಿಲ್ಲದ ಶಾಲೆಯೂ ಒಂದೊಂದೇ ಗಣಕವನ್ನು ಹೊಸದಾಗಿಸಿಕೊಳ್ಳಲು ಇದರಿಂದ ಅನುಕೂಲವಾಯಿತು.

1995ರಲ್ಲಿ ಎರಡು ಮಾನಕಗಳೂ ಅಂಗೀಕಾರವನ್ನು ಪಡೆದವು. ಆಮೇಲೆ ತೀರ್ಪು ಬಳಕೆದಾರರದಾಯಿತು. ಅವರಲ್ಲಿ ಬಹುಮಂದಿ ತಮ್ಮ ಹಳೆಯ ಜಾಲದೊಡನೆ ಸುಲಭವಾಗಿ ಹೊಂದಿಕೊಳ್ಳುವ ವೇಗದ ಈಥರ್ನೆಟ್ಟನ್ನೇ ಆರಿಸಿಕೊಂಡರು. ಇನ್ನೊಂದು ಕೆಲವೇ ವರ್ಷಗಳಲ್ಲಿ ಬಳಕೆಯಿಂದ ಮರೆಯಾಯಿತು. ಹೊಸ ಪದ್ಧತಿಯವರು ಎತ್ತಿ ತೋರಿಸಿದ ಡಿಕ್ಕಿಯ ತೊಂದರೆಯಾದರೋ ನಿಜವಾದುದೇ ಆಗಿತ್ತು. ಅದನ್ನು ಸ್ವಿಚ್ ಎಂಬ ಸಾಧನವು ಬೇರೊಂದು ಬಗೆಯಲ್ಲಿ ಪರಿಹರಿಸಿತು. ಸ್ವಿಚ್ ಪ್ರತಿಯೊಂದು ಗಣಕಕ್ಕೂ ಪ್ರತ್ಯೇಕವಾದ ದಾರಿಯನ್ನು ಕೊಡುತ್ತದೆ. ಹೋಗುವ ಮತ್ತು ಬರುವ ಸಂದೇಶಗಳು ಏಕಕಾಲದಲ್ಲಿ ಸಾಗುತ್ತವೆ. ಹೀಗೆ ಡಿಕ್ಕಿಯೂ ಇಲ್ಲವಾಯಿತು, ಅದರಿಂದ ಬಂದಿದ್ದ ದೂರದ ಮಿತಿಯೂ ಹೋಯಿತು.

ಅಲ್ಲಿಂದ ಮುಂದೆ ಈಥರ್ನೆಟ್ಟಿನ ನಡಿಗೆಯು ನಿಲ್ಲಲಿಲ್ಲ. 1998ರಲ್ಲಿ ಸೆಕೆಂಡಿಗೆ 100 ಕೋಟಿ ಬಿಟ್‌ಗಳ ಮಾನಕವು ಬಂದಿತು. 2002ರಲ್ಲಿ ಅದು 1000 ಕೋಟಿಗೆ ಏರಿತು. ಮುಂದಿನ ಹೆಜ್ಜೆಯಲ್ಲಿ ಮತ್ತೆ ಭಿನ್ನಾಭಿಪ್ರಾಯವುಂಟಾಯಿತು. ಒಂದು ಗುಂಪಿನವರಿಗೆ 4000 ಕೋಟಿ ಸಾಕೆನಿಸಿತು. ದೊಡ್ಡ ಜಾಲಗಳನ್ನು ನಡೆಸುವವರು 10,000 ಕೋಟಿ ಬೇಕೆಂದರು. ಈ ಸಲ ಸಮಿತಿಯು ಒಡೆಯಲಿಲ್ಲ. ಎರಡು ವೇಗಗಳನ್ನೂ ಒಂದೇ ಮಾನಕದಲ್ಲಿ ಸೇರಿಸಿ 2010ರಲ್ಲಿ ಒಪ್ಪಿಗೆಯನ್ನು ಪಡೆಯಿತು. 2017ರಲ್ಲಿ 40,000 ಕೋಟಿ, 2024ರಲ್ಲಿ 80,000 ಕೋಟಿ ಬಿಟ್‌ಗಳ ಮಾನಕಗಳು ಅಂಗೀಕೃತವಾದವು. ಈಥರ್ನೆಟ್ಟನ್ನು ಕಂಡುಹಿಡಿದು ಬೆಳೆಸಿದುದಕ್ಕಾಗಿ ಮೆಟ್‌ಕಾಫ್‌ಗೆ ಗಣಕವಿಜ್ಞಾನದ ಶ್ರೇಷ್ಠ ಪುರಸ್ಕಾರವಾದ 2022ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿಯು ದೊರೆಯಿತು.

ಇಷ್ಟೆಲ್ಲ ಬದಲಾದರೂ ಬದಲಾಗದೆ ಉಳಿದುದೊಂದುಂಟು. ತಂತಿ ಬದಲಾಯಿತು, ಸಂಕೇತ ವಿಧಾನ ಬದಲಾಯಿತು, ಆಲಿಸಿ ಮಾತನಾಡುವ ನಿಯಮವೂ ಸ್ವಿಚ್ಚಿನ ಮುಂದೆ ಅನಾವಶ್ಯಕವಾಯಿತು. ಆದರೆ 1980ರಲ್ಲಿ ಗೊತ್ತುಪಡಿಸಿದ 48 ಬಿಟ್‌ಗಳ ವಿಳಾಸವೂ ಸಂದೇಶದ ಮೂಲರೂಪವೂ ಇಂದಿಗೂ ಹಾಗೆಯೇ ಇವೆ. ಹೊಸದಾಗಿ ಸೇರುವವರು ಮೊದಲೇ ಇರುವವರ ಮಾತನ್ನು ಬಲ್ಲವರಾಗಿರಬೇಕೆಂಬ ಒಂದು ನಿಯಮವನ್ನು ಸಮಿತಿಯು ಪ್ರತಿ ಸಲವೂ ಪಾಲಿಸಿಕೊಂಡು ಬಂದಿದೆ. ಯಂತ್ರಗಳ ವೇಗವನ್ನು ಹೆಚ್ಚಿಸಿದುದು ಎಂಜಿನಿಯರುಗಳ ಬುದ್ಧಿ. ಆ ವೇಗವು ಎಲ್ಲರಿಗೂ ದಕ್ಕುವಂತೆ ಮಾಡಿದುದು ಅವರ ಒಮ್ಮತ.