ಮಕ್ಕಳ ಶಸ್ತ್ರಚಿಕಿತ್ಸೆ: ನೋವಿನ ಶಮನವೂ ರೋಗನಿರೋಧಕ ಶಕ್ತಿಯೂ

(ಒಬ್ಬ ವಿದ್ಯಾರ್ಥಿ, ಅಂತಿಮ ಬಿ.ಎ.)

ನೋವು ಎಂಬುದು ಜೀವಿಗಳಿಗೆ ಪ್ರಕೃತಿಯು ಕೊಟ್ಟಿರುವ ಎಚ್ಚರಿಕೆ. ಮುಳ್ಳು ತುಳಿದವನು ತಟ್ಟನೆ ಕಾಲನ್ನು ಎಳೆದುಕೊಳ್ಳುವುದು ಈ ಎಚ್ಚರಿಕೆಯಿಂದಲೇ. ಆದರೆ ಮುಳ್ಳನ್ನು ತೆಗೆದು ಮದ್ದು ಹಾಕಿದ ಮೇಲೂ ನೋವು ಹಗಲಿರುಳೂ ಕಾಡುತ್ತಿದ್ದರೆ ಅದರಿಂದ ಆಗುವ ಉಪಯೋಗವೇನು? ಶಸ್ತ್ರಚಿಕಿತ್ಸೆಯೆಂಬುದು ವೈದ್ಯರೇ ತಿಳಿದು, ಒಳಿತಿಗಾಗಿ ಮಾಡುವ ಗಾಯ. ಆ ಗಾಯದ ನೋವನ್ನು ದೊಡ್ಡವರಲ್ಲಿ ಶಮನಗೊಳಿಸಬೇಕೆಂಬುದನ್ನು ವೈದ್ಯಲೋಕವು ಬಹು ಹಿಂದೆಯೇ ಒಪ್ಪಿತು. ಮಕ್ಕಳ ವಿಷಯದಲ್ಲಿ ಒಪ್ಪಿದ್ದು ತೀರ ಈಚೆಗೆ. ಆ ಕಥೆಯನ್ನೂ, ನೋವಿಗೂ ದೇಹದ ರೋಗನಿರೋಧಕ ಶಕ್ತಿಗೂ ಇರುವ ನಂಟನ್ನೂ ಇಲ್ಲಿ ಸಂಗ್ರಹವಾಗಿ ವಿವರಿಸಲು ಯತ್ನಿಸಿದ್ದೇನೆ. ನಾನು ವೈದ್ಯಶಾಸ್ತ್ರದ ವಿದ್ಯಾರ್ಥಿಯಲ್ಲ. ಮನಃಶಾಸ್ತ್ರವನ್ನು ಐಚ್ಛಿಕವಾಗಿ ಓದುತ್ತಿರುವವನು. ನೋವು ದೇಹಕ್ಕೂ ಮನಸ್ಸಿಗೂ ಸೇರಿದ ವಿಷಯವಾದುದರಿಂದ ಈ ಸಾಹಸ.

ಹಳೆಯ ನಂಬಿಕೆ

1846ರಲ್ಲಿ ಬೋಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಎಂಬುವನು ಈಥರಿನಿಂದ ರೋಗಿಯನ್ನು ಮೈಮರೆಸಿ ತೋರಿಸಿದನು. 1847ರಲ್ಲಿ ಎಡಿನ್‌ಬರೋದ ಸಿಂಪ್ಸನ್ನನು ಕ್ಲೋರೋಫಾರ್ಮನ್ನು ಬಳಕೆಗೆ ತಂದನು. ನೋವಿಲ್ಲದ ಶಸ್ತ್ರಚಿಕಿತ್ಸೆಯ ಯುಗವು ಹೀಗೆ ಆರಂಭವಾಯಿತು. ಆದರೂ ಹಸುಗೂಸುಗಳ ಪಾಲಿಗೆ ಆ ಯುಗವು ಪೂರ್ಣವಾಗಿ ಬರಲು ಮತ್ತೆ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಇದಕ್ಕೆ ಮುಖ್ಯವಾದ ಕಾರಣಗಳು ಎರಡು. ಮೊದಲನೆಯದು, ಎಳೆಯ ಮಗುವಿನ ನರಗಳು ಇನ್ನೂ ಬಲಿತಿರುವುದಿಲ್ಲ, ಆದ್ದರಿಂದ ಅದಕ್ಕೆ ನೋವು ತಿಳಿಯದು, ತಿಳಿದರೂ ನೆನಪಿನಲ್ಲಿ ಉಳಿಯದು ಎಂಬ ನಂಬಿಕೆ. ಎರಡನೆಯದು, ತೀವ್ರವಾದ ಔಷಧಿಗಳಿಂದ ಮಗುವಿನ ಉಸಿರೇ ನಿಂತೀತೆಂಬ ಭಯ. ಎರಡನೆಯದರಲ್ಲಿ ಸತ್ಯಾಂಶವಿತ್ತು, ಮೊದಲನೆಯದರಲ್ಲಿ ಇರಲಿಲ್ಲ. ಆದರೂ ಇವೆರಡೂ ಸೇರಿ, 1980ರ ದಶಕದವರೆಗೂ ಪಾಶ್ಚಾತ್ಯ ದೇಶಗಳ ಎಷ್ಟೋ ಆಸ್ಪತ್ರೆಗಳಲ್ಲಿ ದಿನ ತುಂಬದೆ ಹುಟ್ಟಿದ ಶಿಶುಗಳಿಗೆ, ಕೈಕಾಲು ಆಡದಂತೆ ಮಾಡುವ ಔಷಧಿಯನ್ನೂ ಅಲ್ಪಸ್ವಲ್ಪ ನೈಟ್ರಸ್ ಆಕ್ಸೈಡನ್ನೂ ಮಾತ್ರ ಕೊಟ್ಟು ಶಸ್ತ್ರಚಿಕಿತ್ಸೆ ನಡೆಸುತ್ತಿದ್ದರು. ಮಗುವು ಅಲುಗಲಿಲ್ಲ, ಅಳಲಿಲ್ಲ. ಆದುದರಿಂದ ನೋವಿಲ್ಲವೆಂದು ಭಾವಿಸಲಾಯಿತು.

ಸ್ವಲ್ಪ ದೊಡ್ಡ ಮಕ್ಕಳ ಸ್ಥಿತಿಯೂ ಉತ್ತಮವಾಗಿರಲಿಲ್ಲ. 1977ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು ಶಸ್ತ್ರಚಿಕಿತ್ಸೆಯಾದ 25 ಮಕ್ಕಳನ್ನು ಕುರಿತದ್ದು. ಅವರಲ್ಲಿ 13 ಮಂದಿಗೆ ನೋವಿನ ಔಷಧಿಯನ್ನು ಒಂದು ಸಲವೂ ಕೊಟ್ಟಿರಲಿಲ್ಲ. ಎಲ್ಲ ಮಕ್ಕಳಿಗೂ ಸೇರಿ ಕೊಟ್ಟದ್ದು 24 ಸಲ. ಅಂಥದೇ ಚಿಕಿತ್ಸೆಯಾದ 18 ಮಂದಿ ವಯಸ್ಕರಿಗೆ ಕೊಟ್ಟದ್ದು 671 ಸಲ. ಅಂಕಿಗಳೇ ಕಥೆಯನ್ನು ಹೇಳುತ್ತವೆ. ನಮ್ಮಲ್ಲಿಯೂ ಕೂಸಿಗೆ ಕಿವಿ ಚುಚ್ಚಿಸುವಾಗ, "ಎಳೆಯದು, ಅದಕ್ಕೇನು ಗೊತ್ತಾಗುತ್ತೆ, ಗಳಿಗೆಗೆಲ್ಲ ಮರೆತುಬಿಡುತ್ತೆ" ಎಂದು ಹಿರಿಯರು ಹೇಳುವುದುಂಟಷ್ಟೆ.

ಆಕ್ಸ್‌ಫರ್ಡಿನ ಪ್ರಯೋಗ

ಈ ನಂಬಿಕೆಯನ್ನು ಅಲುಗಿಸಿದವರಲ್ಲಿ ಪ್ರಮುಖರು ಭಾರತೀಯರಾದ ಡಾ. ಕನ್ವಲ್‌ಜೀತ್ ಆನಂದ್ ಅವರು. ಇಂದೂರಿನಲ್ಲಿ ವೈದ್ಯಶಿಕ್ಷಣವನ್ನು ಮುಗಿಸಿ, ರೋಡ್ಸ್ ವಿದ್ಯಾರ್ಥಿವೇತನದಿಂದ ಆಕ್ಸ್‌ಫರ್ಡಿಗೆ ಹೋದ ಇವರು, ಶಸ್ತ್ರಚಿಕಿತ್ಸೆಯಾಗಿ ಮರಳುವ ಶಿಶುಗಳ ಸ್ಥಿತಿಯು ಬಹಳ ಕೆಡುತ್ತಿದ್ದುದನ್ನು ಗಮನಿಸಿದರು. ಕಾರಣವೇನೆಂದು ತಿಳಿಯಲು ಒಂದು ಪ್ರಯೋಗವನ್ನು ನಡೆಸಿ, 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದರು. ಹೃದಯದ ಬಳಿಯ ಒಂದು ರಕ್ತನಾಳವನ್ನು ಕಟ್ಟುವ ಚಿಕಿತ್ಸೆಗೆ ಒಳಗಾದ, ದಿನ ತುಂಬದೆ ಹುಟ್ಟಿದ 16 ಶಿಶುಗಳಲ್ಲಿ ಎಂಟಕ್ಕೆ ವಾಡಿಕೆಯ ಔಷಧಿಗಳು ಮಾತ್ರ. ಉಳಿದ ಎಂಟಕ್ಕೆ ಅವುಗಳ ಜೊತೆಗೆ ಫೆಂಟನಿಲ್ ಎಂಬ ನೋವುನಿವಾರಕ. ಫೆಂಟನಿಲ್ ದೊರೆಯದ ಶಿಶುಗಳ ರಕ್ತದಲ್ಲಿ ಅಡ್ರಿನಲಿನ್ ಮೊದಲಾದ ಹಾರ್ಮೋನುಗಳೂ ಸಕ್ಕರೆಯೂ ಬಹಳವಾಗಿ ಏರಿದ್ದವು. ಚಿಕಿತ್ಸೆಯ ತರುವಾಯದ ತೊಡಕುಗಳೂ ಆ ಗುಂಪಿನಲ್ಲಿಯೇ ಹೆಚ್ಚು. ಬಾಯಿಲ್ಲದ ಶಿಶುವಿನ ನೋವಿಗೆ ರಕ್ತವೇ ಸಾಕ್ಷಿ ನುಡಿಯಿತು. ನವಜಾತ ಶಿಶುಗಳಿಗೂ ಅರಿವಳಿಕೆಯನ್ನು ಕೊಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವು ಅದೇ ವರ್ಷ ಘೋಷಿಸಿತು.

ದೇಹದೊಳಗೆ ನಡೆಯುವುದೇನು?

ಚರ್ಮವನ್ನು ಕೊಯ್ದೊಡನೆ ದೇಹದಲ್ಲಿ ಎರಡು ಬಗೆಯ ಸುದ್ದಿ ಹೊರಡುತ್ತದೆ. ಮೊದಲನೆಯದು ಗಾಯದ ಸ್ಥಳದಿಂದಲೇ ಹೊರಡುವ ರಾಸಾಯನಿಕ ಸುದ್ದಿ. ಘಾಸಿಗೊಂಡ ಜೀವಕೋಶಗಳು ಕೆಲವು ವಸ್ತುಗಳನ್ನು ಹೊರಸೂಸುವುವು. ಇವುಗಳ ಕರೆಗೆ ಓಗೊಟ್ಟು ಬಿಳಿಯ ರಕ್ತಕಣಗಳು ಬಂದು ಸೇರುತ್ತವೆ. ಗಾಯವು ಕೆಂಪೇರಿ ಬಾಯುತ್ತದೆ, ಮೈ ಸ್ವಲ್ಪ ಬಿಸಿಯಾಗುತ್ತದೆ. ಗಾಯ ಮಾಯಲು ಇದು ಬೇಕಾದದ್ದೇ.

ಎರಡನೆಯದು ನರಗಳ ಮೂಲಕ ಮಿದುಳಿಗೆ ಹೋಗುವ ಸುದ್ದಿ. ಇದೇ ನೋವು. ಮಿದುಳಿನ ಅಪ್ಪಣೆಯಿಂದ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಸುರಿಸುತ್ತವೆ. ಹೃದಯವು ವೇಗವಾಗಿ ಬಡಿಯುತ್ತದೆ, ಸ್ನಾಯುಗಳ ಸಾರವು ಕರಗುತ್ತದೆ. ಕಾರ್ಟಿಸಾಲು ಹೆಚ್ಚಿದಾಗ ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿಯ ಕಣಗಳು ಕಡಿಮೆಯಾಗುವುವು. ರೋಗಾಣುಗಳೊಡನೆ ಹೋರಾಡುವ ಶಕ್ತಿಯು ಕುಗ್ಗುವುದು.

ಇದನ್ನು ನಮ್ಮ ಊರುಗಳ ಒಂದು ಉದಾಹರಣೆಯಿಂದ ತಿಳಿಯಬಹುದು. ಕೆರೆಯ ಏರಿ ಒಡೆದಾಗ ಡಂಗುರ ಸಾರುತ್ತಾರೆ. ಗದ್ದೆಯಲ್ಲಿದ್ದವರೂ ಬೆಳೆ ಕಾಯುವವರೂ ಗುದ್ದಲಿ ಮಂಕರಿಗಳನ್ನು ಹಿಡಿದು ಏರಿಯ ಕಡೆಗೆ ಓಡುತ್ತಾರೆ. ಒಂದು ದಿನದ ಮಟ್ಟಿಗೆ ಇದು ಸರಿ. ಏರಿಯನ್ನು ಕಟ್ಟಿದ ಮೇಲೂ ಡಂಗುರ ನಿಲ್ಲದಿದ್ದರೆ ಬೆಳೆ ಕಾಯುವವರು ಯಾರು? ಶಮನವಾಗದ ನೋವು ಇಂಥ ನಿಲ್ಲದ ಡಂಗುರ.

ಆದರೆ ನೋವನ್ನು ತಡೆದರೆ ಎಲ್ಲವೂ ನಿಲ್ಲುವುದೆಂದು ತಿಳಿಯಬಾರದು. ಮಕ್ಕಳ ಹರ್ನಿಯಾ ಚಿಕಿತ್ಸೆಯಲ್ಲಿ ಬೆನ್ನಿನ ಕೆಳಭಾಗದಲ್ಲಿ ಸೂಜಿಮದ್ದು ಕೊಟ್ಟು ಕೆಳಮೈಯ ನರಗಳನ್ನು ಜೋಮುಗೊಳಿಸುವ ಕ್ರಮವಿದೆ. ಇದರಿಂದ ಹಾರ್ಮೋನುಗಳ ಏರಿಕೆ ತಗ್ಗುತ್ತದೆ. ಗಾಯದಿಂದ ಹೊರಡುವ ರಾಸಾಯನಿಕ ಸುದ್ದಿಯು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಎಂದರೆ, ಮಾಯಿಸುವ ಕೆಲಸವು ನಡೆದೇ ಇರುತ್ತದೆ.

ಹದವೇ ಮುಖ್ಯ

1992ರಲ್ಲಿ ಡಾ. ಆನಂದ್ ಮತ್ತು ಡಾ. ಹಿಕ್ಕಿ ಅವರು ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ 45 ನವಜಾತ ಶಿಶುಗಳ ವಿಷಯವನ್ನು ಪ್ರಕಟಿಸಿದರು. ಗಾಢವಾದ ನೋವುನಿವಾರಣೆ ಪಡೆದ 30 ಶಿಶುಗಳಲ್ಲಿ ಒಂದೂ ಸಾಯಲಿಲ್ಲ. ಹಗುರವಾಗಿ ಪಡೆದ 15ರಲ್ಲಿ 4 ತೀರಿಕೊಂಡವು. ರಕ್ತಕ್ಕೆ ನಂಜೇರುವುದೂ ಮೊದಲನೆಯ ಗುಂಪಿನಲ್ಲಿ ಕಡಿಮೆಯಿತ್ತು. ಸಂಖ್ಯೆಯು ಚಿಕ್ಕದಾದುದರಿಂದ ಇದನ್ನೇ ಕೊನೆಯ ತೀರ್ಪೆನ್ನಲಾಗದು. ಮಾರ್ಫಿನ್ನಿನಂಥ ಔಷಧಿಗಳು ತಾವೇ ಬಿಳಿಯ ಕಣಗಳ ಕೆಲಸವನ್ನು ಸ್ವಲ್ಪ ಮಂದಗೊಳಿಸುವುದೂ ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಡಾ. ಆನಂದ್ ಅವರೇ ಮುಂದಾಗಿ ನಡೆಸಿದ 2004ರ ಅಧ್ಯಯನದಲ್ಲಿ, ಕೃತಕ ಉಸಿರಾಟದ ಯಂತ್ರದಲ್ಲಿದ್ದ 898 ಅಕಾಲಿಕ ಶಿಶುಗಳಲ್ಲಿ, ಮಾರ್ಫಿನ್ನನ್ನು ಸತತವಾಗಿ ಕೊಟ್ಟುದರಿಂದ ಮರಣವು ಕಡಿಮೆಯಾಗಲಿಲ್ಲ. ಆದುದರಿಂದ ಇಂದಿನ ವೈದ್ಯರು ಒಂದೇ ಔಷಧಿಯನ್ನು ನೆಚ್ಚದೆ, ಜೋಮುಗೊಳಿಸುವ ಮದ್ದು, ಪ್ಯಾರಸಿಟಮಾಲ್ ಮುಂತಾದವನ್ನು ಕೂಡಿಸಿ, ತೀವ್ರವಾದುದನ್ನು ಅಗತ್ಯವಿದ್ದಷ್ಟೇ ಕೊಡುತ್ತಾರೆ.

ಮಾತು ಬಾರದ ಮಗುವಿನ ನೋವನ್ನು ಅಳೆಯುವ ಬಗೆ ಹೇಗೆ? 1997ರಲ್ಲಿ ಪ್ರಕಟವಾದ ಒಂದು ಕ್ರಮದಲ್ಲಿ ಮುಖಭಾವ, ಕಾಲುಗಳು, ಚಲನೆ, ಅಳು, ಸಮಾಧಾನಕ್ಕೆ ಬರುವಿಕೆ ಎಂಬ ಐದನ್ನು ನೋಡಿ ಒಂದೊಂದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುವರು. ಒಟ್ಟು ಅಂಕ ಹತ್ತು. ತಾಯಂದಿರು ಅಂಕವಿಲ್ಲದೆಯೇ ಇದನ್ನು ಬಲ್ಲರು.

ಮನೆಯವರ ಕರ್ತವ್ಯ

ನನ್ನ ತಮ್ಮನಿಗೆ ಐದನೆಯ ವಯಸ್ಸಿನಲ್ಲಿ ಹರ್ನಿಯಾ ಚಿಕಿತ್ಸೆಯಾಯಿತು. "ನೋವಿನ ಔಷಧಿ ಜಾಸ್ತಿ ಕುಡಿಸಬಾರದಂತೆ ಕಣಪ್ಪ, ಗಾಯ ಮಾಯೋದು ತಡ ಆಗುತ್ತಂತೆ" ಎಂದು ಅವ್ವನಿಗೆ ಯಾರೋ ಹೇಳಿದ್ದರು. ಹುಡುಗನು ಮುದುಡಿ ಮಲಗಿ ಕೆಮ್ಮಲೂ ಹೆದರುತ್ತಿದ್ದನು. ಆಸ್ಪತ್ರೆಯ ದಾದಿಯೊಬ್ಬರು ತಾಳ್ಮೆಯಿಂದ ವಿವರಿಸಿದರು: ನೋವಿಗೆ ಹೆದರಿ ಮಗು ಆಳವಾಗಿ ಉಸಿರಾಡದಿದ್ದರೆ, ಕೆಮ್ಮದಿದ್ದರೆ ಎದೆಯಲ್ಲಿ ಕಫ ನಿಲ್ಲುತ್ತದೆ, ಉಣ್ಣದೆ ನಿದ್ರಿಸದೆ ಇದ್ದರೆ ಗಾಯ ಮಾಯುವುದು ಹೇಗೆ? ಔಷಧಿ ಕುಡಿದ ಹುಡುಗನು ಸಂಜೆಗೆ ಎದ್ದು ಕುಳಿತು ಗಂಜಿ ಕುಡಿದನು.

ಕೆಲವು ಎಚ್ಚರಿಕೆಗಳು ಮುಖ್ಯ. ಪ್ಯಾರಸಿಟಮಾಲಿನ ಪ್ರಮಾಣವು ಮಗುವಿನ ತೂಕವನ್ನು ಅವಲಂಬಿಸಿದೆ: ಸಾಮಾನ್ಯವಾಗಿ ಒಂದು ಸಲಕ್ಕೆ ಕಿಲೋಗ್ರಾಮಿಗೆ 15 ಮಿಲಿಗ್ರಾಂ ಮೀರಬಾರದು, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಬಾರದು. ಅಂಗಡಿಯಲ್ಲಿ ದೊರೆಯುವ ಸೀಸೆಗಳಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಅಳತೆಯನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ರೇ ಎಂಬ ಅಪಾಯಕರ ಕಾಯಿಲೆಗೆ ಅದು ಕಾರಣವಾಗಬಲ್ಲುದು. ಗಂಟಲ ಟಾನ್ಸಿಲ್ ತೆಗೆಸಿದ ಮಕ್ಕಳಿಗೆ ಕೊಡೀನ್ ಕೊಡಬಾರದೆಂದು 2013ರಲ್ಲಿ ಅಮೆರಿಕದ ಔಷಧ ಆಡಳಿತವು ನಿಷೇಧಿಸಿತು. ಕೆಲವು ಮಕ್ಕಳ ದೇಹವು ಅದನ್ನು ಅತಿವೇಗವಾಗಿ ಮಾರ್ಫಿನ್ ಆಗಿ ಮಾರ್ಪಡಿಸುವುದರಿಂದ ಉಸಿರು ನಿಲ್ಲುವ ಅಪಾಯವುಂಟು. ಔಷಧಿ ಕೊಟ್ಟ ಮೇಲೂ ನೋವು ಏರುತ್ತಲೇ ಇದ್ದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ನಮ್ಮ ಕಾಲೇಜಿನ ಅನೇಕರ ಮನೆಗಳಲ್ಲಿ ವೈದ್ಯರ ಚೀಟಿಯನ್ನು ಓದಬಲ್ಲವರು ನಾವೇ ಮೊದಲಿಗರು. ಮನೆಯವರೂ ನೆರೆಯವರೂ ಚೀಟಿಯನ್ನು ನಮ್ಮ ಕೈಗೆ ಕೊಟ್ಟು ಕೇಳುತ್ತಾರೆ. ಯಾವ ಔಷಧಿ, ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ಸರಿಯಾಗಿ ಓದಿ ಹೇಳುವುದು, ತಿಳಿಯದಿದ್ದರೆ ಆಸ್ಪತ್ರೆಗೆ ಹೋಗಿ ಸಂಕೋಚವಿಲ್ಲದೆ ಕೇಳಿ ಬರುವುದು ನಮ್ಮ ಓದಿನ ಹೊಣೆ. ಮಗುವಿನ ಅಳುವನ್ನು ಹಟವೆಂದು ತಳ್ಳಿಹಾಕದೆ, ಅದು ಏನನ್ನು ಹೇಳುತ್ತಿದೆಯೆಂದು ವಿಚಾರಿಸುವಷ್ಟು ವಿವೇಕವು ನಮ್ಮಲ್ಲಿ ಬೆಳೆದರೆ ಈ ಲೇಖನದ ಶ್ರಮವು ಸಾರ್ಥಕ.